ನೆರಳಿಲ್ಲದ ಒನಕೆ

ಮಾನ್ವಿಯ ಹೈಸ್ಕೂಲೊಂದರಲ್ಲಿ ಮಕ್ಕಳ ಜೊತೆ ಒಂದು ತಾಸು ವಿಜ್ಞಾನದ ಮಾತಾಡಿ, ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ನಿಮಗಿದು ಗೊತ್ತೆ?’ ಎಂದು ಬರೆದಿತ್ತು. ಪತ್ರಿಕೆಗಳ ಮೂಲೆಗಳಿಂದ, ಅಣ್ಣನ ಮೊಬೈಲಿನಿಂದ ಆರಿಸಿಕೊಂಡ ಸೋಜಿಗಗಳೆಲ್ಲ ಅದರೊಳಗೆ. ಆಕ್ಟೋಪಸ್ಸಿಗೆ ಮೂರು ಹೃದಯ. ಶುಕ್ರ ಗ್ರಹ ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ತೆಗೆದುಕೊಳ್ಳುತ್ತದೆ, ಸೂರ್ಯನನ್ನು ಸುತ್ತಲು 225 ದಿನ ಸಾಕು. ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಚೌಕಾಕಾರ. ಬಾಳೆಹಣ್ಣು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರ್ರಿ, ಸ್ಟ್ರಾಬೆರ್ರಿ ಮಾತ್ರ ಬೆರ್ರಿ ಅಲ್ಲ.

ಪುಟ ತಿರುವುತ್ತಿದ್ದಾಗ ಅವಳೇ ಕೇಳಿದಳು: “ಸರ, ಇದರಾಗ ನಮ್ ಕಡಿದು ಒಂದೂ ಇಲ್ರಿ. ರಾಯಚೂರಿನ್ಯಾಗ ವಿಚಿತ್ರ ಅನ್ನೂವಂಥಾದ್ದು ಏನೂ ಇಲ್ಲೇನ್ರಿ?”

ಬಸ್ಸಿನ ಹೊತ್ತಾಗಿತ್ತು. ಒಂದೇ ಒಂದು ಹೇಳಿ ಹೊರಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಆ ನೋಟ್‌ಬುಕ್ಕಿನಿಂದ ಮೂರನ್ನು ಹೊಡೆದು ಹಾಕಿಸಿದ್ದೆ ಎಂದು ಹೇಳಬೇಕು. ಚೀನಾದ ಮಹಾಗೋಡೆ ಚಂದ್ರನ ಮೇಲಿಂದ ಕಾಣುತ್ತದೆ ಎಂಬುದು ಸುಳ್ಳು. ಗೋಡೆ ಎಷ್ಟೇ ಉದ್ದವಿರಲಿ, ಅಗಲ ಕೆಲವೇ ಮೀಟರು. ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣಲು ಸಾಧ್ಯವೇ ಇಲ್ಲ. ಮನುಷ್ಯ ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತಾನೆ ಎಂಬುದೂ ಸುಳ್ಳು. ನಿದ್ದೆಯಲ್ಲಿ ವರ್ಷಕ್ಕೆ ಎಂಟು ಜೇಡ ನುಂಗುತ್ತೇವೆ ಎಂಬುದಕ್ಕೆ ತಳ ಬುಡ ಇಲ್ಲ. ಇಂಥ ಮಾತುಗಳನ್ನು ಕೇಳಿದ ಕೂಡಲೇ ಇನ್ನೊಬ್ಬರಿಗೆ ಹೇಳೋಣ ಅನ್ನಿಸುತ್ತದೆ, ನಿಜವೋ ಸುಳ್ಳೋ ನೋಡೋಣ ಅನ್ನಿಸುವುದಿಲ್ಲ. ನೋಡುವುದಾದರೂ ಹೇಗೆ, ಚಂದ್ರನ ಮೇಲೆ ಹೋಗಿ ಬರುವವರು ಯಾರು? ನಮ್ಮೂರಿನ ಸೋಜಿಗದಲ್ಲಿ ಈ ತೊಡಕಿಲ್ಲ. ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದರೆ ಪರೀಕ್ಷೆ ಮುಗಿಯುತ್ತದೆ.

ಅಂಗಳಕ್ಕೇ ಹೋಗೋಣ, ಒನಕೆ ತೆಗೆದುಕೊಂಡು. ಗ್ರಹಣ ಬಂದಾಗಲೆಲ್ಲ ನಮ್ಮ ಕಡೆ ಊರೂರಲ್ಲಿ ಒಂದು ಆಟ ನಡೆಯುತ್ತದೆ. ಹಿತ್ತಾಳೆ ಪರಾತದಲ್ಲಿ ಅರಿಶಿನದ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸುತ್ತಾರೆ. ಒನಕೆ ನೆಟ್ಟಗೆ ನಿಲ್ಲುತ್ತದೆ. ಟಿವಿಯವರು ಬರುತ್ತಾರೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂದು ಕಾಯುತ್ತಾರೆ. ಆ ಒನಕೆಯ ಬುಡ ನೋಡಿ. ಕುಟ್ಟಿ ಕುಟ್ಟಿ ಸಮತಟ್ಟಾಗಿರುತ್ತದೆ, ಸುತ್ತ ಕಬ್ಬಿಣದ ಕಟ್ಟು ಇರುತ್ತದೆ. ಒನಕೆಯ ಭಾರದ ನಡುಬಿಂದುವಿನಿಂದ ಕೆಳಕ್ಕೆ ಎಳೆದ ಗೆರೆ ಆ ಬುಡದೊಳಗೆ ಬಿದ್ದರೆ ಸಾಕು, ಅಮಾವಾಸ್ಯೆಯಿರಲಿ ಹುಣ್ಣಿಮೆಯಿರಲಿ, ಬುಧವಾರದ ಸಂತೆಯ ದಿನವಿರಲಿ, ಅದು ನಿಲ್ಲುತ್ತದೆ. ಕೈ ಸ್ಥಿರವಾಗಿರಬೇಕು, ಅಷ್ಟೇ. ಸೂರ್ಯನಿಗೂ ಒನಕೆ ನಿಲ್ಲುವುದಕ್ಕೂ ಏನೇನೂ ಸಂಬಂಧವಿಲ್ಲ.

ಆದರೆ ಅದೇ ಒನಕೆಗೂ ಸೂರ್ಯನಿಗೂ ನಿಜವಾದ ಸಂಬಂಧ ಕೂಡಿಬರುವ ದಿನ ವರ್ಷದಲ್ಲಿ ಎರಡು ಇವೆ. ಆ ದಿನ ಟಿವಿ ಕ್ಯಾಮೆರಾ ಯಾವುದೂ ಬರುವುದಿಲ್ಲ. ಮಾನ್ವಿಯ ಹುಡುಗಿಗೆ ನಾನು ಹೇಳಿದ ಒಂದೇ ಒಂದು ಸಂಗತಿ ಇದು.

ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ಎಲ್ಲರೂ ಹೇಳುತ್ತೇವೆ. ನಿಜವಾಗಿ ವರ್ಷದ 363 ದಿನ ಬರುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿಕೊಂಡೇ ದಾಟುತ್ತಾನೆ, ಜೂನ್‌ನಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಒಂದು ದಿನ, ತಿರುಗಿ ಬರುವಾಗ ಒಂದು ದಿನ ಮಾತ್ರ ನೆಟ್ಟ ನೇರ ನೆತ್ತಿಯ ಮೇಲೆ ಇರುತ್ತಾನೆ. ಆ ಹೊತ್ತಿಗೆ ಲಂಬವಾಗಿ ನಿಲ್ಲಿಸಿದ ಒನಕೆಗೆ ನೆರಳೇ ಇರುವುದಿಲ್ಲ. ಇದ್ದದ್ದೆಲ್ಲ ಅದರ ಬುಡದ ಕೆಳಗೆ ಅಡಗಿರುತ್ತದೆ. ಬೆಂಗಳೂರಿಗೆ ಆ ದಿನ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಅದನ್ನು ಓದಿದ ರಾಯಚೂರಿನವರು ಅವತ್ತೇ ಅಂಗಳದಲ್ಲಿ ಒನಕೆ ನಿಲ್ಲಿಸಿದರೆ ನಿರಾಸೆಯಾಗುತ್ತದೆ. ನಮ್ಮ ಊರುಗಳಿಗೆ ಸೂರ್ಯ ಹತ್ತು ದಿನ ತಡವಾಗಿ ಬರುತ್ತಾನೆ.

ಎಷ್ಟು ಚೆಂದದ ಕ್ರಮದಲ್ಲಿ ಬರುತ್ತಾನೆ ನೋಡಿ. ಮಾನ್ವಿ ಇರುವುದು ಹತ್ತಿರ ಹತ್ತಿರ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ರಾಯಚೂರು 16.2, ದೇವದುರ್ಗ 16.4. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ದಿನಕ್ಕೆ 0.28 ಡಿಗ್ರಿಯಷ್ಟು ಉತ್ತರಕ್ಕೆ ಸರಿಯುತ್ತಾನೆ. ಲೆಕ್ಕ ಹಾಕಿದರೆ ಮೇ 4ಕ್ಕೆ ಮಾನ್ವಿ, 5ಕ್ಕೆ ರಾಯಚೂರು, 6ಕ್ಕೆ ದೇವದುರ್ಗ. ಮೂರು ಊರು, ಸಾಲಾಗಿ ಮೂರು ದಿನ! ಅಧಿಕ ವರ್ಷದ ಹೊಂದಾಣಿಕೆಯಿಂದ ಒಂದು ದಿನ ಅತ್ತಿತ್ತ ಆಗಬಹುದು, ಕ್ರಮ ಮಾತ್ರ ತಪ್ಪುವುದಿಲ್ಲ. 0.28 ಡಿಗ್ರಿ ಎಂದರೆ ನೆಲದ ಮೇಲೆ 31 ಕಿಲೋಮೀಟರು. ಎತ್ತಿನ ಬಂಡಿ ಬೆಳಗಿನಿಂದ ಸಂಜೆಯವರೆಗೆ ನಡೆದರೆ ಮುಟ್ಟುವ ದೂರ ಅದು. ಸೂರ್ಯನ ನೆಟ್ಟ ನೋಟ ಬಂಡಿಯ ನಡಿಗೆಯಲ್ಲಿ ತುಂಗಭದ್ರೆಯ ಕಡೆಯಿಂದ ಕೃಷ್ಣೆಯ ಕಡೆಗೆ ನಮ್ಮ ಎಡೆದೊರೆ ನಾಡನ್ನು ದಾಟುತ್ತದೆ. ಆಗಸ್ಟ್ 7, 8, 9ರ ಸುಮಾರಿಗೆ ಅದೇ ಹಾದಿಯಲ್ಲಿ ಹಿಂತಿರುಗುತ್ತದೆ: ಮೊದಲು ದೇವದುರ್ಗ, ಆಮೇಲೆ ರಾಯಚೂರು, ಕೊನೆಗೆ ಮಾನ್ವಿ. ಆಗ ಮೋಡವಿರುವುದರಿಂದ ಮೇ ತಿಂಗಳೇ ವಾಸಿ.

ನೋಡುವವರಿಗೆ ಒಂದೆರಡು ಮಾತು. ಒನಕೆ ಸಿಗದಿದ್ದರೆ ಸ್ಟೀಲಿನ ಲೋಟ ಬೋರಲು ಹಾಕಬೇಡಿ, ಅದರ ಮೈ ಓರೆ ಇರುತ್ತದೆ. ನೆಟ್ಟನೆಯ ಪೈಪಿನ ತುಂಡು ಆದೀತು. ಗೌಂಡಿಗಳು ಗೋಡೆ ನೋಡಲು ಇಳಿಬಿಡುವ ಗುಂಡಿನ ದಾರವನ್ನು ಪಕ್ಕದಲ್ಲಿ ಹಿಡಿದು ಲಂಬವಾಗಿದೆಯೇ ಎಂದು ಎರಡು ಕಡೆಯಿಂದ ನೋಡಿಕೊಳ್ಳಿ. ಹೊತ್ತು ಮುಖ್ಯ. ಗಡಿಯಾರದ ಹನ್ನೆರಡಕ್ಕೆ ನೋಡಿದರೆ ಪಶ್ಚಿಮಕ್ಕೆ ಗಿಡ್ಡ ನೆರಳು ಇನ್ನೂ ಇರುತ್ತದೆ. ರಾಯಚೂರಿನಲ್ಲಿ ಅವತ್ತಿನ ನಿಜವಾದ ನಡುಹಗಲು 12 ಗಂಟೆ 17 ನಿಮಿಷಕ್ಕೆ. ಮಾನ್ವಿ, ದೇವದುರ್ಗ ಇನ್ನಷ್ಟು ಪಶ್ಚಿಮಕ್ಕಿರುವುದರಿಂದ ಅಲ್ಲಿ 12.19. ಕೊನೆಯ ಐದು ನಿಮಿಷ ಕಣ್ಣು ಕೀಳಬೇಡಿ. ನೆರಳು ಒಳಗೆ ಒಳಗೆ ಸೇದಿಕೊಂಡು ಒನಕೆಯ ಕಬ್ಬಿಣದ ಕಟ್ಟಿನ ಅಂಚಿಗೆ ಬರುತ್ತದೆ, ಅಲ್ಲೇ ಮಾಯವಾಗುತ್ತದೆ. ಒಂದು ನಿಮಿಷ ಕಂಬವೊಂದು ಬಿಸಿಲಲ್ಲಿ ನಿಂತೂ ನೆಲದ ಮೇಲೆ ಗುರುತಿಲ್ಲದೆ ಇರುತ್ತದೆ. ಆಮೇಲೆ ಮೂಡಣ ದಿಕ್ಕಿಗೆ ಕೂದಲೆಳೆಯಷ್ಟು ಕಪ್ಪು ಇಣುಕುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ರಾಯಚೂರಿಗೆ ಎರಡೇ ಕಾಲ, ಬಿಸಿಲುಗಾಲ ಮತ್ತು ಕಡುಬಿಸಿಲುಗಾಲ ಎಂದು ಜನ ನಗೆಯಾಡುತ್ತಾರೆ. ಇಲ್ಲಿ 1928ರ ಮೇ 23ರಂದು 45.6 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಸೂರ್ಯ ನೆತ್ತಿಯಿಂದ ದಾಟಿ ಹದಿನೆಂಟು ದಿನ ಕಳೆದ ಮೇಲೆ! ಹೆಂಚಿನ ಕೆಳಗೆ ಉರಿ ಹಾಕಿದ ಕೂಡಲೇ ರೊಟ್ಟಿ ಹಾಕಲು ಬರುವುದಿಲ್ಲ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲ ಕಾಯಬೇಕು, ಕಾದ ನೆಲ ಗಾಳಿಯನ್ನು ಕಾಯಿಸಬೇಕು.

ಆ 12.17ರ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ನಮ್ಮ ಗಡಿಯಾರಗಳೆಲ್ಲ ಪೂರ್ವದ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ರಾಯಚೂರು ಅಲ್ಲಿಂದ ಐದು ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ನಿಮಿಷ ತಡ. ಮೇ ಮೊದಲ ವಾರದಲ್ಲಿ ಸೂರ್ಯ ಮೂರು ನಿಮಿಷ ಮುಂದಿರುತ್ತಾನೆ, ಅದನ್ನು ಕಳೆಯಬೇಕು. ಇಡೀ ದೇಶಕ್ಕೆ ಒಂದೇ ಹೊತ್ತು ಎಂಬ ಏರ್ಪಾಡು ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ಊರಿಗೊಂದು ಹೊತ್ತು. ಮದ್ರಾಸಿನ ಗಡಿಯಾರ ಮುಂಬೈ ಗಡಿಯಾರಕ್ಕಿಂತ ಅರ್ಧ ಗಂಟೆ ಮುಂದೆ. ರಾಯಚೂರಿನ ಸೂರ್ಯ ಹನ್ನೆರಡು ತೋರಿಸುವಾಗ ಮದ್ರಾಸಿನಲ್ಲಿ 12.12, ಮುಂಬೈಯಲ್ಲಿ 11.42. ಎತ್ತಿನ ಬಂಡಿಯಲ್ಲಿ ಓಡಾಡುವವರಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ರೈಲು ಬಂದಾಗ ಸಮಸ್ಯೆ ಶುರುವಾಯಿತು.

ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಹಳಿ ಹಾಕುತ್ತ ಬಂತು. ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ ಬಂತು. 1871ರಲ್ಲಿ ಎರಡೂ ಬಂದು ಕೂಡಿದ ಊರು ರಾಯಚೂರು. ಮುಂಬೈ–ಮದ್ರಾಸ್ ರೈಲುಮಾರ್ಗ ಪೂರ್ತಿಯಾದದ್ದು ನಮ್ಮ ನೆಲದ ಮೇಲೆ. ಎರಡೂ ಕಂಪನಿಗಳ ಹಳಿಗಳ ನಡುವಿನ ಅಂತರ ಒಂದೇ, ಐದೂವರೆ ಅಡಿ. ಹಾಗಾಗಿ ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವುದು ಕಷ್ಟವಾಗಲಿಲ್ಲ. ಹೊತ್ತಿಗೆ ಹೊತ್ತು ಕೂಡಿಸುವುದು ಬೇರೆಯೇ ಕೆಲಸ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳಿಗೆ ಎರಡು ಗಡಿಯಾರ ಇದ್ದರೆ ಏನಾದೀತು ಎಂದು ಯೋಚಿಸಿ. ಮುಂಬೈಗೂ ಕೋಲ್ಕತ್ತಕ್ಕೂ ನಡುವೆ ಬೀಳುವ ಮದ್ರಾಸಿನ ಹೊತ್ತನ್ನೇ ರೈಲ್ವೆಗಳು ಒಪ್ಪಿಕೊಂಡವು. ಊರಿನ ಹೊತ್ತು ಬೇರೆ, ರೈಲಿನ ಹೊತ್ತು ಬೇರೆ ಎಂಬ ಸ್ಥಿತಿ ಮೂವತ್ತಕ್ಕೂ ಹೆಚ್ಚು ವರ್ಷ ನಡೆಯಿತು.

ಹೀಗೆ ಎರಡು ಕಡೆಯ ಹೆಜ್ಜೆ ಕೂಡಿಸುವ ಕೆಲಸ ರಾಯಚೂರಿನ ಪಾಲಿಗೆ ಇನ್ನೊಮ್ಮೆ ಬಂತು. ಅದು ನನ್ನ ಅತ್ಯಂತ ಪ್ರೀತಿಯ ಕತೆ.

ಗೋಡೆಯ ಸಾಕೆಟ್ಟಿನಲ್ಲಿ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ಯುತ್ತದೆ. ನಮ್ಮ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುವುದರಿಂದ ಆ ತುಯ್ತ ಹುಟ್ಟುತ್ತದೆ. ಒಂದು ಗ್ರಿಡ್ಡಿಗೆ ಕೂಡಿರುವ ಯಂತ್ರಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಸೆಕೆಂಡಿಗೆ 50 ಹೆಜ್ಜೆ ಎಂದರೆ ಎಲ್ಲವೂ 50 ಹೆಜ್ಜೆಯೇ ಹಾಕಬೇಕು, ಎಡಗಾಲು ಎತ್ತುವಾಗ ಎಲ್ಲವೂ ಎಡಗಾಲೇ ಎತ್ತಬೇಕು. ಭಾರ ಹೆಚ್ಚಿದರೆ ಎಲ್ಲವೂ ಕೂಡಿಯೇ ತುಸು ನಿಧಾನವಾಗುತ್ತವೆ, ಇಳಿದರೆ ಕೂಡಿಯೇ ಚುರುಕಾಗುತ್ತವೆ. 49.90ರಿಂದ 50.05ರ ನಡುವೆ ಇರಲಿ ಎಂದು ನಿಯಮವಿದೆ. ಎಲ್ಲ ಹೊಂದಿದರೆ ಲಕ್ಷಾಂತರ ಮೆಗಾವ್ಯಾಟಿನ ಬಂಡಿ ಓಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಕತ್ತಲೆ.

2006ರ ಆಗಸ್ಟ್‌ನಿಂದ ಭಾರತದಲ್ಲಿ ಇಂಥ ನೊಗ ಎರಡಿದ್ದವು. ಉತ್ತರ, ಪೂರ್ವ, ಪಶ್ಚಿಮ, ಈಶಾನ್ಯ ಸೇರಿ ಒಂದು. ದಕ್ಷಿಣದ ನಮ್ಮದು ಇನ್ನೊಂದು. ನಡುವೆ ವಿದ್ಯುತ್ತಿನ ಕೊಡುಕೊಳ್ಳುವಿಕೆ ಇತ್ತು, ಡಿ.ಸಿ. ಕೊಂಡಿಗಳ ಮೂಲಕ. ಡಿ.ಸಿ.ಯಲ್ಲಿ ತುಯ್ತವೇ ಇಲ್ಲದ್ದರಿಂದ ಹೆಜ್ಜೆ ಕೂಡಿಸುವ ಗೊಡವೆ ಇರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರದ ನೊಗ ಮುರಿದು ಬಿತ್ತು. ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನ ಬದುಕುವ ಪ್ರದೇಶಕ್ಕೆ ಕತ್ತಲೆ ಕವಿಯಿತು. ರೈಲು ನಿಂತವು, ಗಣಿಗಳಲ್ಲಿ ಕಾರ್ಮಿಕರು ಕೆಳಗೇ ಸಿಕ್ಕಿಕೊಂಡರು. ನಮ್ಮ ಕಡೆ ದೀಪ ಆರಲಿಲ್ಲ, ಏಕೆಂದರೆ ನಾವು ಬೇರೆ ನೊಗದಲ್ಲಿದ್ದೆವು.

ಅದಾಗಿ ಒಂದೂವರೆ ವರ್ಷಕ್ಕೆ, 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕ ಎರಡೂ ನೊಗಗಳನ್ನು ಕೂಡಿಸಲಾಯಿತು. ಮನೆಯ ವಿದ್ಯುತ್ತಿಗಿಂತ ಮೂರು ಸಾವಿರ ಪಟ್ಟಿಗೂ ಮೀರಿದ ಒತ್ತಡ ಅದು. ಕೂಡಿಸುವ ಕ್ಷಣ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯಕ್ಕೆ ಹೋಗಿ. ಎರಡು ಜನರೇಟರುಗಳ ನಡುವೆ ಮೂರು ಬಲ್ಬು ಕಟ್ಟಿರುತ್ತಾರೆ. ಒಂದು 50ರಲ್ಲೂ ಇನ್ನೊಂದು 49.9ರಲ್ಲೂ ಓಡುತ್ತಿದ್ದರೆ ಬಲ್ಬುಗಳು ಹತ್ತು ಸೆಕೆಂಡಿಗೊಮ್ಮೆ ಬೆಳಗುತ್ತವೆ, ಆರುತ್ತವೆ, ಮತ್ತೆ ಬೆಳಗುತ್ತವೆ, ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಬೆಳಗಿದಾಗ ಹೆಜ್ಜೆ ತಪ್ಪಿದೆ ಎಂದರ್ಥ. ಪೂರ್ತಿ ಆರಿದಾಗ ಎರಡೂ ಹೆಜ್ಜೆಗೆ ಹೆಜ್ಜೆ ಕೂಡಿವೆ. ಆ ಕತ್ತಲಲ್ಲೇ ಸ್ವಿಚ್ ಒತ್ತಬೇಕು. ಬಲ್ಬು ಉರಿಯುವಾಗ ಒತ್ತಿದರೆ ಯಂತ್ರದ ಶಾಫ್ಟಿಗೆ ಪೆಟ್ಟು ಬೀಳುತ್ತದೆ. ದೀಪ ಆರಿದಾಗ ಸರಿ, ಹೊತ್ತಿದಾಗ ತಪ್ಪು ಎಂಬ ಈ ತಲೆಕೆಳಗಾದ ಪಾಠ ನನಗೆ ಬಹಳ ಇಷ್ಟ. ಗ್ರಿಡ್ಡಿನಲ್ಲಿ ಬಲ್ಬಿನ ಬದಲು ಬೇರೆ ಉಪಕರಣಗಳಿರುತ್ತವೆ, ಕಾಯುವ ಕ್ಷಣ ಮಾತ್ರ ಅದೇ. ಆ ವರ್ಷದ ಕೊನೆಯ ದಿನದಿಂದ ಇಡೀ ದೇಶಕ್ಕೆ ಒಂದೇ ನಾಡಿ. ಇಂದು ಶ್ರೀನಗರದಲ್ಲಿ ಯಾರಾದರೂ ಹೀಟರ್ ಹಾಕಿದರೆ ಶಕ್ತಿನಗರದ ಟರ್ಬೈನಿಗೆ ಎಳ್ಳಿನ ತೂಕದಷ್ಟಾದರೂ ಭಾರ ತಗಲುತ್ತದೆ.

ನೊಗದ ಹೋಲಿಕೆ ನನಗೆ ಹೊಳೆದದ್ದು ಎಲ್ಲಿ ಎಂದರೆ ರಾಯಚೂರಿನ ಕೋಟೆಯಲ್ಲಿ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಒಂದು ಕಲ್ಲು ಇದೆ. ಬಸ್ ನಿಲ್ದಾಣಕ್ಕೆ ಹೋಗುವವರು ದಿನಾ ಅದರ ಹತ್ತಿರದಲ್ಲೇ ಓಡಾಡುತ್ತಾರೆ. ಕಾಕತೀಯರ ಸರದಾರ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ಕೆತ್ತಿದೆ. ಕಾಲ 1294. ಇಷ್ಟು ಉದ್ದದ ಕಲ್ಲನ್ನು ಹೇಗೆ ತಂದರು ಎಂದು ನಾವು ಕೇಳುತ್ತೇವೆಂದು ಅವರಿಗೆ ಗೊತ್ತಿದ್ದಂತೆ, ಉತ್ತರವನ್ನೂ ಚಿತ್ರವಾಗಿ ಗೀರಿ ಇಟ್ಟಿದ್ದಾರೆ. ಅರೆಕಾಲುಗಳಿಲ್ಲದ ಇಡಿ ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು. ಒಂದು ಘನ ಮೀಟರ್ ಗ್ರಾನೈಟಿನ ತೂಕ 2,600 ಕಿಲೋಗೂ ಹೆಚ್ಚು ಎಂದು ನೆನಪಿಟ್ಟುಕೊಂಡು ಆ ಗೋಡೆಯ ಮುಂದೆ ನಿಲ್ಲಿ. ಅನ್ಯಲೋಕದವರು ಬಂದು ದೇವಸ್ಥಾನ ಕಟ್ಟಿದರು, ಕೋಟೆ ಕಟ್ಟಿದರು ಎಂದು ಮೊಬೈಲಿನಲ್ಲಿ ಬರುವ ವಿಡಿಯೋಗಳಿಗೆ ರಾಯಚೂರಿನ ಈ ಗೀರುಚಿತ್ರ 700 ವರ್ಷ ಮೊದಲೇ ಉತ್ತರ ಕೊಟ್ಟಿದೆ: ಕೋಣ ಕಟ್ಟಿದೆವು, ಎಳೆದೆವು.

ಸಾಲು ಉದ್ದವಾದಷ್ಟೂ ಎಳೆಯುವುದು ಕಷ್ಟ ಎಂಬುದನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1880ರ ದಶಕದಲ್ಲಿ ಅಳೆದು ನೋಡಿದ. ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿನ ಬಲ ಒಂಟಿಯಾಗಿ ಎಳೆದಾಗ ಇದ್ದುದರ ಅರ್ಧಕ್ಕೆ ಇಳಿಯಿತು. ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ಕೋಟೆಯ ಕೋಣಗಳನ್ನು ಹೊಡೆದವರು ಆ ಉದ್ದ ಸಾಲನ್ನು ಒಂದೇ ಹೆಜ್ಜೆಗೆ ತಂದಿರಲೇಬೇಕು. ಅವರ ಹೆಸರು ಕಲ್ಲಿನ ಮೇಲಿಲ್ಲ.

ಇನ್ನು ಮಸ್ಕಿ. ಅಶೋಕನ ಹೆಸರು ‘ಅಶೋಕ’ ಎಂದೇ ಇರುವ ಶಾಸನ ಮೊದಲು ಸಿಕ್ಕಿದ್ದು ನಮ್ಮ ಜಿಲ್ಲೆಯ ಈ ಊರಲ್ಲಿ, 1915ರಲ್ಲಿ. ಕಂಡವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಹುಡುಕುತ್ತಿದ್ದದ್ದು ಚಿನ್ನ. ಇದು ಪಠ್ಯಪುಸ್ತಕದಲ್ಲೇ ಇರುವುದರಿಂದ ಮುಂದೆ ಹೋಗುತ್ತೇನೆ, ಅನ್ನದ ಕಡೆಗೆ.

ಮಾನ್ವಿಯಿಂದ ಸಿಂಧನೂರಿನ ದಾರಿ ಹಿಡಿದರೆ ಕಾಲುವೆಯ ಎರಡೂ ಕಡೆ ನೆಲ್ಲು. ‘ಸೋನಾ ಮಸೂರಿ’ ಎಂದು ಚೀಲದ ಮೇಲೆ ಬರೆದು ಬೆಂಗಳೂರಿಗೆ ಹೋಗುವ ಅಕ್ಕಿಯಲ್ಲಿ ಈ ಸೀಮೆಯದು ದೊಡ್ಡ ಪಾಲು. ಮಸೂರಿ ಎಂದರೆ ಮೈಸೂರು ಇರಬೇಕು ಎಂದುಕೊಂಡವರು ಬಹಳ ಜನ. ಅದರ ದಾರಿ ಎಷ್ಟು ಸುತ್ತು ಬಳಸಿದ್ದು ಎಂದರೆ, 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಒಡಿಶಾದ ಕಟಕ್‌ನಲ್ಲಿ ಒಂದು ಯೋಜನೆ ಕೈಗೊಂಡಿತು: ಜಪಾನಿನ ಕಡೆಯ ಜಪೋನಿಕಾ ಭತ್ತ, ನಮ್ಮ ಕಡೆಯ ಇಂಡಿಕಾ ಭತ್ತ ಎರಡನ್ನೂ ಕೂಡಿಸುವುದು. ಇವೆರಡೂ ಸುಲಭಕ್ಕೆ ಕೂಡುವುದಿಲ್ಲ. ಕೂಡಿದರೂ ಮಿಶ್ರತಳಿಯಲ್ಲಿ ಬಹಳಷ್ಟು ಕಾಳು ಜೊಳ್ಳು. ಹಾಗೆ ತಯಾರಾದ ಸಾವಿರಾರು ಸಂತಾನದಲ್ಲಿ ಗಟ್ಟಿಯಾಗಿ ನಿಂತದ್ದು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ತೈವಾನಿನ ತೈಚುಂಗ್ 65 ಮತ್ತು ಮಲಯದ ಮಯಾಂಗ್ ಎಬೋಸ್ 80ರ ಕೂಸು. ಅದು ಮಲೇಷ್ಯಾದಲ್ಲಿ ಆಯ್ಕೆಗೊಂಡು 1965ರಲ್ಲಿ ರೈತರ ಕೈಗೆ ಬಂತು, ಹೆಸರು ‘ಮಹ್ಸೂರಿ’. ಆಮೇಲೆ ಸಮುದ್ರ ದಾಟಿ ಭಾರತಕ್ಕೆ ಬಂದು ಗದ್ದೆ ಗದ್ದೆಗೆ ಹಬ್ಬಿತು.

ನಮ್ಮ ರೈತರು ‘ಬಿಪಿಟಿ’ ಎಂದು ಕರೆಯುವ ಬಿಪಿಟಿ 5204, ಆಂಧ್ರದ ಬಾಪಟ್ಲದಲ್ಲಿ ಇದೇ ಮಹ್ಸೂರಿಯಿಂದ ತಯಾರಾಗಿ 1986ರಲ್ಲಿ ಬಿಡುಗಡೆಯಾದ ತಳಿ. ಅದರ ಇನ್ನೊಂದು ಕಡೆಯ ಹಿರಿಯರಲ್ಲಿ ತೈವಾನಿನ ಗಿಡ್ಡ ತಳಿ ಒಂದು, ಕೊಯಮತ್ತೂರಿನ ಜಿ.ಇ.ಬಿ. 24 ಇನ್ನೊಂದು. ಈ ಜಿ.ಇ.ಬಿ. ಎಂದರೆ ಗವರ್ನಮೆಂಟ್ ಎಕನಾಮಿಕ್ ಬಾಟನಿಸ್ಟ್. ಒಬ್ಬ ಸರ್ಕಾರಿ ಅಧಿಕಾರಿಯ ಹುದ್ದೆಯ ಹೆಸರೇ ಭತ್ತದ ಹೆಸರಾಗಿ ಉಳಿಯಿತು. ಒಂದು ಹಿಡಿ ಬಿಪಿಟಿ ನೆಲ್ಲು ಅಂಗೈಯಲ್ಲಿ ಹಿಡಿದು ನೋಡಿ. ಸಣ್ಣ ಕಾಳು, ತುದಿಯಲ್ಲಿ ಮುಳ್ಳಿಲ್ಲ. ತೈವಾನು, ಮಲಯ, ಕಟಕ್, ಕೊಯಮತ್ತೂರು, ಬಾಪಟ್ಲ ಅದರೊಳಗಿವೆ.

ಮಹ್ಸೂರಿ ಎಂಬುದು ಮಲೇಷ್ಯಾದ ಲಂಕಾವಿ ದ್ವೀಪದ ಜಾನಪದದ ಹೆಣ್ಣೊಬ್ಬಳ ಹೆಸರು. ಗಂಡ ಯುದ್ಧಕ್ಕೆ ಹೋಗಿದ್ದಾಗ ಅವಳ ನಡತೆಯ ಮೇಲೆ ಸುಳ್ಳು ಅಪವಾದ ಹೊರಿಸಿ ಕೊಂದರು, ಇರಿದ ಗಾಯದಿಂದ ಬಿಳಿಯ ನೆತ್ತರು ಹರಿಯಿತು, ಸಾಯುವಾಗ ಏಳು ತಲೆಮಾರಿನವರೆಗೆ ದ್ವೀಪ ಏಳಿಗೆಯಾಗದಿರಲಿ ಎಂದು ಶಪಿಸಿದಳು ಎಂದು ಅಲ್ಲಿನವರು ಹೇಳುತ್ತಾರೆ. ಅವಳ ಸಮಾಧಿ ಎಂದು ತೋರಿಸುವ ಜಾಗಕ್ಕೆ ಇಂದಿಗೂ ಜನ ಹೋಗುತ್ತಾರೆ. ಮಾನ್ವಿಯ ಮಿಲ್ಲುಗಳಲ್ಲಿ ಅದೇ ಹೆಸರು ಒಂದು ಅಕ್ಷರ ಸವೆದು ‘ಮಸೂರಿ’ಯಾಗಿ ಚೀಲಗಳ ಮೇಲೆ ಅಚ್ಚಾಗುತ್ತದೆ, ಬಾಯಿ ಹೊಲಿದ ಚೀಲಗಳು ಲಾರಿ ಏರುತ್ತವೆ.